ಮಣ್ಣಿನಿಂದ ಮದ್ದು ತೆಗೆದ ಯಲ್ಲಾಪ್ರಗಡ ಸುಬ್ಬರಾವ್



ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬದುಕಿನ ಬಗ್ಗೆ ಬರೆಯಬೇಕೆಂದು ನಮ್ಮ ಜೀವಶಾಸ್ತ್ರದ ಉಪನ್ಯಾಸಕರು ಸೂಚಿಸಿದಾಗ ಹೆಚ್ಚಿನವರು ನ್ಯೂಟನ್, ಸಿ.ವಿ. ರಾಮನ್, ಅಬ್ದುಲ್ ಕಲಾಂ ಅವರ ಹೆಸರು ಬರೆಸಿದರು. ನಾನು ಯಲ್ಲಾಪ್ರಗಡ ಸುಬ್ಬರಾವ್ ಎಂದು ಬರೆಸಿದೆ. ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಆದರೆ ಅವರ ಕೆಲಸವನ್ನು ನಾವೆಲ್ಲ ಪ್ರತಿದಿನ ಓದುತ್ತೇವೆ, ನಮ್ಮ ಮನೆಗಳಲ್ಲಿ ಗುಳಿಗೆಗಳಾಗಿ ನುಂಗುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಇವರಿಗೆ ಒಪ್ಪುವಷ್ಟು ಇನ್ನಾರಿಗೂ ಒಪ್ಪಲಾರದು.

ಇವರನ್ನೇ ಆರಿಸಿಕೊಳ್ಳಲು ಕಾರಣ ನಮ್ಮ ಮನೆಯಲ್ಲಿದೆ. ನಮ್ಮದು ಸವದತ್ತಿ ತಾಲ್ಲೂಕಿನ ಸಿರಸಂಗಿ. ನನ್ನ ಅಕ್ಕನ ಮಗನಿಗೆ ಈಗ ಎರಡೂವರೆ ವರ್ಷ. ನೆಗಡಿಯಾದರೆ ಸಾಕು, ಎರಡು ಮೂರು ದಿನದಲ್ಲಿ ಕಿವಿ ಹಿಡಿದುಕೊಂಡು ಅಳಲು ಶುರು ಮಾಡುತ್ತಾನೆ. ರಾತ್ರಿಯಿಡೀ ನಿದ್ದೆ ಇಲ್ಲ, ಜ್ವರ ಬೇರೆ. ಒಂದು ವರ್ಷದಲ್ಲಿ ಹೀಗೆ ನಾಲ್ಕು ಸಲ ಆಯಿತು. ನಾಲ್ಕನೆಯ ಸಲ ಕಿವಿ ಸೋರಿತು. ನಮ್ಮ ದಾದಿ ಹೇಳುವ ಪ್ರಕಾರ ಅವರು ಚಿಕ್ಕವರಿದ್ದಾಗ ಕಿವಿ ಸೋರುವ ಮಕ್ಕಳು ಪ್ರತಿ ಓಣಿಯಲ್ಲೂ ಇರುತ್ತಿದ್ದರಂತೆ. ಬಿಸಿ ಎಣ್ಣೆ ಬಿಡುವುದು, ಅರಿವೆ ಕಾಯಿಸಿ ಶಾಖ ಕೊಡುವುದು, ಇಷ್ಟೇ ಉಪಚಾರ. ಕೆಲವರು ಒಂದು ಕಿವಿ ಕೇಳದೆಯೇ ದೊಡ್ಡವರಾದರಂತೆ. ನಮ್ಮ ಹುಡುಗನಿಗೆ ಡಾಕ್ಟರು ಬರೆದುಕೊಟ್ಟದ್ದು ಒಂದು ಪುಟ್ಟ ಬಾಟಲಿ. ಅದರೊಳಗಿನ ಪುಡಿಗೆ ಕಾಯಿಸಿ ಆರಿಸಿದ ನೀರು ಹಾಕಿ ಅಲ್ಲಾಡಿಸಿ ಕುಡಿಸಬೇಕು. ಆ ಪುಡಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಆಂಟಿಬಯಾಟಿಕ್‌ಗಳ ಕಥೆಯಲ್ಲಿ ಇಂಗ್ಲೆಂಡಿನವರು, ಅಮೆರಿಕದವರು ತುಂಬಿದ್ದಾರೆ. ಅವರ ನಡುವೆ ಗೋದಾವರಿ ತೀರದಿಂದ ಹೋದ ಒಬ್ಬರು ಸಿಕ್ಕರು. ಅವರೇ ಸುಬ್ಬರಾವ್.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಇಂದಿನ ಆಂಧ್ರಪ್ರದೇಶದ ಭೀಮಾವರಂನಲ್ಲಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದರು, ತಾಯಿ ವೆಂಕಮ್ಮ. ಏಳು ಮಕ್ಕಳ ದೊಡ್ಡ ಸಂಸಾರ, ಕೈಯಲ್ಲಿ ದುಡ್ಡಿಲ್ಲ. ಹುಡುಗನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ. ಹದಿಮೂರು ವರ್ಷದವನಿದ್ದಾಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಓಡಿದ. ದಾರಿಯಲ್ಲೇ ಹಿಡಿದು ತಂದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದ. ತಂದೆ ತೀರಿಕೊಂಡ ಮೇಲೂ ತಾಯಿ ಹಟ ಹಿಡಿದು ಓದಿಸಿದರು. ಪಿಯುಸಿಯಲ್ಲಿ ಒಂದು ವಿಷಯ ಉಳಿದರೆ ಬದುಕೇ ಮುಗಿಯಿತೆಂದು ಕುಳಿತುಕೊಳ್ಳುವ ನಮ್ಮ ಗೆಳೆಯ ಗೆಳತಿಯರು ಈ ಭಾಗವನ್ನು ಇನ್ನೊಮ್ಮೆ ಓದಲಿ ಎಂದು ನನ್ನ ಆಸೆ.

ಮುಂದೆ ಅವರು ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಅದು ಗಾಂಧೀಜಿಯ ಕರೆಗೆ ದೇಶ ಓಗೊಡುತ್ತಿದ್ದ ಕಾಲ. ಸುಬ್ಬರಾವ್ ಖಾದಿಯ ಅಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಸಿಗಲಿಲ್ಲ; ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಗೆ ಸೇರುವ ದಾರಿ ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಈ ನಡುವೆ ಮನೆಯಲ್ಲಿ ದೊಡ್ಡ ಆಘಾತವಾಯಿತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ಕರುಳು ಅನ್ನದ ಸಾರವನ್ನು ಹೀರಿಕೊಳ್ಳದೆ, ರಕ್ತ ಕಡಿಮೆಯಾಗಿ, ಮನುಷ್ಯ ಸೊರಗಿ ಸಾಯುವ ರೋಗ ಅದು. ಆಗ ಅದಕ್ಕೆ ನೆಚ್ಚಿಕೊಳ್ಳಬಹುದಾದ ಮದ್ದಿರಲಿಲ್ಲ. ರೋಗದ ಬೇರು ಹುಡುಕದೆ ಬರೀ ವೈದ್ಯನಾಗಿ ಕೂಡುವುದರಲ್ಲಿ ಅರ್ಥವಿಲ್ಲವೆಂದು ಅವರಿಗೆ ಅನ್ನಿಸಿರಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಉಷ್ಣವಲಯದ ರೋಗಗಳನ್ನು ಅಭ್ಯಾಸ ಮಾಡಲು ನಿಶ್ಚಯಿಸಿದರು. ಹಣ? ಸ್ವಲ್ಪ ಮಾವ ಕೊಟ್ಟರು. ಸ್ವಲ್ಪ ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ಅವರ ಧರ್ಮನಿಧಿಯಿಂದ ಬಂತು.

ಇಲ್ಲಿ ನನಗೆ ನಮ್ಮೂರು ನೆನಪಾಯಿತು. ಸಿರಸಂಗಿ ಎಂದರೆ ಹೊರಗಿನವರಿಗೆ ಕಾಳಮ್ಮನ ಗುಡಿ, ಇಲ್ಲವೇ ಲಿಂಗರಾಜ ದೇಸಾಯಿಯವರ ವಾಡೆ. ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಕಾಕಿನಾಡದ ವರ್ತಕರೊಬ್ಬರು, ಸಿರಸಂಗಿಯ ದೇಸಾಯರೊಬ್ಬರು. ಇಬ್ಬರೂ ತಾವು ಕಾಣದ ಮಕ್ಕಳಿಗಾಗಿ ಹಣ ಬಿಟ್ಟು ಹೋದವರು. ಹಾಗೆ ಬಿಟ್ಟ ಹಣ ಒಬ್ಬ ಬಡ ಹುಡುಗನ ಕೈ ಸೇರಿದರೆ ಅದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸುಬ್ಬರಾವ್ ಅವರ ಬದುಕೇ ಸಾಕ್ಷಿ.

1922ರ ಅಕ್ಟೋಬರ್‌ನಲ್ಲಿ ಅವರು ಬಾಸ್ಟನ್ ನಗರಕ್ಕೆ ಬಂದಿಳಿದರು. ಊರಿನಲ್ಲಿ ಹೆಂಡತಿ ಶೇಷಗಿರಿ ಗರ್ಭಿಣಿ. ಕೆಲವೇ ವರ್ಷಗಳಲ್ಲಿ ಮರಳಿ ಬರುವ ಮಾತು ಕೊಟ್ಟು ಬಂದಿದ್ದರು. ಅವರ ಎಲ್.ಎಂ.ಎಸ್. ಪದವಿಗೆ ಅಮೆರಿಕದಲ್ಲಿ ಬೆಲೆ ಇರಲಿಲ್ಲ. ಹಗಲು ತರಗತಿ, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಗಂಡು ಮಗು ಹುಟ್ಟಿತ್ತು. ವರ್ಷ ತುಂಬುವ ಮೊದಲೇ ಎರಿಸಿಪೆಲಸ್ ಎಂಬ ಚರ್ಮದ ಸೋಂಕಿನಿಂದ ತೀರಿಕೊಂಡಿತು. ತಂದೆ ಮಗುವಿನ ಮುಖವನ್ನೂ ನೋಡಲಿಲ್ಲ.

ಎರಿಸಿಪೆಲಸ್ ತರುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಸರಪಳಿಯಂತೆ ಸಾಲಾಗಿ ನಿಲ್ಲುವ ಗೋಲಾಕಾರದ ಜೀವಿಗಳನ್ನು ನಾವು ಪ್ರಯೋಗಾಲಯದ ಚಿತ್ರಗಳಲ್ಲಿ ನೋಡಿದ್ದೇವೆ. ಅದೇ ಸೂಕ್ಷ್ಮಜೀವಿ ಆ ಕಾಲದಲ್ಲಿ ಮಕ್ಕಳ ಕಿವಿಯನ್ನೂ ಹಾಳುಮಾಡುತ್ತಿತ್ತು. ಕಿವಿಯ ಕೀವು ಹಿಂದಿನ ಎಲುಬಿಗೆ ಇಳಿದರೆ ಆ ಎಲುಬನ್ನು ಉಳಿಯಿಂದ ಕೆತ್ತಿ ತೆಗೆಯುವುದೊಂದೇ ದಾರಿ. ಅಲ್ಲಿಂದ ಸೋಂಕು ಮಿದುಳಿಗೆ ಏರಿದರೆ ಮಗು ಉಳಿಯುತ್ತಿರಲಿಲ್ಲ. 1923ರಲ್ಲಿ ಭೀಮಾವರಂನಲ್ಲಿ ಆಗಲಿ, ಸಿರಸಂಗಿಯಲ್ಲಿ ಆಗಲಿ, ಬಾಸ್ಟನ್‌ನಲ್ಲೇ ಆಗಲಿ, ವೈದ್ಯರ ಕೈಯಲ್ಲಿ ಇದಕ್ಕೆ ಔಷಧ ಇರಲಿಲ್ಲ. ಫ್ಲೆಮಿಂಗ್ ಪೆನ್ಸಿಲಿನ್ ಕಂಡದ್ದು 1928ರಲ್ಲಿ. ಅದು ರೋಗಿಗಳಿಗೆ ಸಿಗತೊಡಗಿದ್ದು 1940ರ ದಶಕದಲ್ಲಿ.

ಸುಬ್ಬರಾವ್ ಊರಿಗೆ ಮರಳಲಿಲ್ಲ. ಕೆಲಸ ಅವರನ್ನು ಬಿಡಲಿಲ್ಲವೋ, ಅವರೇ ಕೆಲಸವನ್ನು ಬಿಡಲಿಲ್ಲವೋ, ಶೇಷಗಿರಿಯವರು ಮಾತ್ರ ಗಂಡನನ್ನು ಮತ್ತೆ ನೋಡಲಿಲ್ಲ. ದೊಡ್ಡವರ ಚರಿತ್ರೆ ಬರೆಯುವಾಗ ಇಂಥ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಬಿಡಬಾರದೆಂದು ನನಗೆ ಅನ್ನಿಸುತ್ತದೆ. ಅವರ ಸಾಧನೆಯ ಬೆಲೆಯನ್ನು ಭೀಮಾವರಂ ಕಡೆಯ ಒಬ್ಬ ಹೆಣ್ಣುಮಗಳೂ ತೆತ್ತಿದ್ದಾಳೆ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಎಂಬ ಪ್ರಾಧ್ಯಾಪಕರ ಜೊತೆ ಅವರು ದೇಹದಲ್ಲಿರುವ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದರು. 1925ರಲ್ಲಿ ಪ್ರಕಟವಾದ ಆ ಫಿಸ್ಕೆ–ಸುಬ್ಬರಾವ್ ವಿಧಾನವನ್ನು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಆಮೇಲೆ ಸ್ನಾಯುಗಳಲ್ಲಿ ಫಾಸ್ಫೊಕ್ರಿಯಾಟಿನ್, ಅನಂತರ ಎ.ಟಿ.ಪಿ. ದೊರೆತವು. ಜೀವಕೋಶದ ಶಕ್ತಿಯ ನಾಣ್ಯ ಎಂದು ನಾವು ಪರೀಕ್ಷೆಯಲ್ಲಿ ಬರೆಯುವ ಅದೇ ಎ.ಟಿ.ಪಿ. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ 1929ರ ಹೊತ್ತಿಗೆ ಬೇರೆಯಾಗಿ ಅದನ್ನು ಗುರುತಿಸಿದ್ದರು. 1930ರಲ್ಲಿ ಸುಬ್ಬರಾವ್ ಅವರಿಗೆ ಪಿಎಚ್.ಡಿ. ಬಂತು. ಆದರೆ ಹಾರ್ವರ್ಡ್ ಅವರಿಗೆ ಖಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿ, ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಮುಂದಿನ ಎಂಟು ವರ್ಷಗಳಲ್ಲಿ ಅಲ್ಲಿ ನಡೆದ ಕೆಲಸವನ್ನು ಒಂದೊಂದಾಗಿ ಹೇಳುತ್ತೇನೆ. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಇಂದು ಗರ್ಭಿಣಿಯರಿಗೆ ಅಂಗನವಾಡಿ, ದವಾಖಾನೆಗಳಲ್ಲಿ ಕೊಡುವ, ಶಾಲೆಯಲ್ಲಿ ನಮಗೂ ವಾರಕ್ಕೊಂದು ಕೊಡುತ್ತಿದ್ದ ಕಬ್ಬಿಣದ ಗುಳಿಗೆಯಲ್ಲಿ ಇರುವುದು ಅದೇ ಫೋಲಿಕ್ ಆಮ್ಲ. ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ರಸಾಯನಗಳನ್ನೂ ಅವರ ತಂಡ ಮಾಡಿತು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅವುಗಳಲ್ಲಿ ಒಂದನ್ನು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು, ಆ ರೋಗ ತಾತ್ಕಾಲಿಕವಾಗಿಯಾದರೂ ಹಿಂದೆ ಸರಿಯುವುದನ್ನು 1948ರಲ್ಲಿ ಲೋಕಕ್ಕೆ ತೋರಿಸಿದರು. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಗುಳಿಗೆ ಕೂಡ ಇವರ ತಂಡದ್ದೇ. ಕಲಬುರಗಿ, ವಿಜಯಪುರದ ಕಡೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತಂದು ಎದುರಿಗೇ ನುಂಗಿಸುವ ಗುಳಿಗೆ ಅದು.

ಇನ್ನು ಆಂಟಿಬಯಾಟಿಕ್ ವಿಷಯ. ಪೆನ್ಸಿಲಿನ್ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು, ಹಲವನ್ನು ಮುಟ್ಟುತ್ತಿರಲಿಲ್ಲ. ಹೊಸ ಔಷಧವನ್ನು ಮಣ್ಣಿನಲ್ಲೇ ಹುಡುಕಬೇಕೆಂದು ಲೆಡರ್ಲಿಯವರು ಹಲವು ಊರುಗಳಿಂದ ಹಿಡಿ ಹಿಡಿ ಮಣ್ಣು ತರಿಸಿದರು. ಈ ಹುಡುಕಾಟವನ್ನು ವಹಿಸಿಕೊಂಡವರು ಬೆಂಜಮಿನ್ ದುಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದ, ಎಪ್ಪತ್ತು ದಾಟಿದ ಅವರನ್ನು ಮುದುಕರೆಂದು ಇಲ್ಲಿ ಯಾರೂ ದೂರ ಇಡಲಿಲ್ಲ. 1945ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಹೊಲವೊಂದರ ಮಣ್ಣಿನಲ್ಲಿ ಚಿನ್ನದ ಬಣ್ಣದ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದಕ್ಕೆ ಸ್ಟ್ರೆಪ್ಟೊಮೈಸಿಸ್ ಆರಿಯೊಫೇಸಿಯನ್ಸ್ ಎಂದು ಹೆಸರಾಯಿತು. ಅದರಿಂದ ತೆಗೆದ ಔಷಧ ಆರಿಯೊಮೈಸಿನ್. ಲ್ಯಾಟಿನ್ ಭಾಷೆಯಲ್ಲಿ ಆರಂ ಎಂದರೆ ಚಿನ್ನ. ಅದನ್ನು ಸೂಜಿಯ ಮೂಲಕ ಚುಚ್ಚಬೇಕಿರಲಿಲ್ಲ, ಬಾಯಿಂದ ನುಂಗಬಹುದಿತ್ತು. ಪೆನ್ಸಿಲಿನ್‌ಗೆ ಬಗ್ಗದ ಎಷ್ಟೋ ಸೋಂಕುಗಳು ಇದಕ್ಕೆ ಬಗ್ಗಿದವು. ಟೆಟ್ರಾಸೈಕ್ಲಿನ್ ಎಂಬ ದೊಡ್ಡ ಔಷಧ ಕುಟುಂಬದ ಮೊದಲ ಸದಸ್ಯ ಇದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಭೀತಿ ಎದ್ದಾಗ ಜನರಿಗೆ ಹಂಚಿದ್ದು ಇದೇ ಕುಟುಂಬದ ಗುಳಿಗೆಗಳನ್ನು.

ನಮ್ಮ ಎರೆ ಹೊಲಗಳಲ್ಲೂ ಈ ಸ್ಟ್ರೆಪ್ಟೊಮೈಸಿಸ್ ಜಾತಿಯ ಜೀವಿಗಳು ಇವೆ. ಬಿಸಿಲಿಗೆ ಬಾಯಿಬಿಟ್ಟ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಆ ವಾಸನೆಯಲ್ಲಿ ಇಂಥ ಜೀವಿಗಳು ಮಾಡುವ ರಸಾಯನದ ಪಾಲು ದೊಡ್ಡದು. ಜೋಳ, ಕಡಲೆ ಬೆಳೆಯುವ ಮಣ್ಣಿನಲ್ಲಿ ಮದ್ದೂ ಇರುತ್ತದೆ ಎಂದು ತಿಳಿದ ಮೇಲೆ ಹೊಲದ ಬದುವಿನಲ್ಲಿ ನಡೆಯುವಾಗ ನನಗೆ ನೆಲದ ಮೇಲೆ ಬೇರೆಯೇ ಗೌರವ ಬಂದಿದೆ.

ಆರಿಯೊಮೈಸಿನ್ ಸುದ್ದಿ ವಿಜ್ಞಾನಿಗಳ ಸಭೆಯಲ್ಲಿ ಹೊರಬಿದ್ದದ್ದು 1948ರ ಜುಲೈನಲ್ಲಿ. ಮರು ತಿಂಗಳು, ಆಗಸ್ಟ್ ಎರಡನೆಯ ವಾರದಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ಮೂರು. ತಾಯ್ನಾಡು ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ತಮ್ಮ ಹೆಸರನ್ನು ಮುಂದೆ ಮಾಡುವ ಅಭ್ಯಾಸ ಅವರಿಗೆ ಇರಲಿಲ್ಲ. ಜೊತೆಯವರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಉಳಿಯುತ್ತಿದ್ದರು. ಮುಂದೆ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಅವರ ಹೆಸರಿಟ್ಟರು. ಭಾರತ ಸರ್ಕಾರ 1995ರಲ್ಲಿ, ಅವರ ಜನ್ಮಶತಮಾನದ ವರ್ಷ, ಅಂಚೆಚೀಟಿ ತಂದಿತು.

ಈಗ ನಮ್ಮ ಹುಡುಗನ ಕಿವಿಗೆ ಬರುತ್ತೇನೆ. ಅವನ ಬಾಟಲಿಯಲ್ಲಿ ಇದ್ದದ್ದು ಆರಿಯೊಮೈಸಿನ್ ಅಲ್ಲ. ಟೆಟ್ರಾಸೈಕ್ಲಿನ್‌ಗಳು ಬೆಳೆಯುವ ಹಲ್ಲಿಗೆ ಸೇರಿ ಅದನ್ನು ಹಳದಿ, ಕಂದು ಮಾಡುತ್ತವೆ ಎಂದು ಮುಂದೆ ತಿಳಿಯಿತು. ಹೀಗಾಗಿ ಎಂಟು ವರ್ಷದೊಳಗಿನ ಮಕ್ಕಳಿಗೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮಕ್ಕಳ ಕಿವಿಗೆ ಈಗ ಮೊದಲು ಕೊಡುವುದು ಪೆನ್ಸಿಲಿನ್ ಕುಟುಂಬದ ಅಮಾಕ್ಸಿಸಿಲಿನ್. ವಿಜ್ಞಾನ ಹೀಗೆಯೇ ಸಾಗುತ್ತದೆ: ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಒರೆಗೆ ಹಚ್ಚುತ್ತಾರೆ, ತಿದ್ದುತ್ತಾರೆ.

ಮಕ್ಕಳಿಗೇ ಏಕೆ ಕಿವಿ ಮತ್ತೆ ಮತ್ತೆ ಸೋಂಕುತ್ತದೆ? ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಯುಸ್ಟೇಷಿಯನ್ ನಾಳ ಹೋಗುತ್ತದೆಂದು ನಾವು ಓದಿದ್ದೇವೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚು ಕಡಿಮೆ ಮಟ್ಟಸ. ನೆಗಡಿಯಾದಾಗ ಅದು ಬಾತು ಮುಚ್ಚಿಕೊಳ್ಳುತ್ತದೆ; ಒಳಗೆ ನೀರು ನಿಂತು, ಸೂಕ್ಷ್ಮಜೀವಿ ಬೆಳೆದು, ಕೀವಾಗುತ್ತದೆ. ಆರು ತಿಂಗಳಲ್ಲಿ ಮೂರು ಸಲ, ಇಲ್ಲವೇ ವರ್ಷದಲ್ಲಿ ನಾಲ್ಕು ಸಲ ಹೀಗಾದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ.

ಪ್ರತಿ ಸಲವೂ ಆಂಟಿಬಯಾಟಿಕ್ ಬೇಕೇ ಬೇಕು ಎಂದೇನಿಲ್ಲ. ಮೂರನೆಯ ಸಲ ನೋವು ಕಡಿಮೆ ಇತ್ತು, ಒಂದೇ ಕಿವಿಗಿತ್ತು. ಡಾಕ್ಟರು ನೋವು, ಜ್ವರಕ್ಕೆ ಮಾತ್ರ ಔಷಧ ಕೊಟ್ಟು ಎರಡು ದಿನ ಬಿಟ್ಟು ಬರಲು ಹೇಳಿದರು. ಓಣಿಯವರು ಅಂಗಡಿಯಿಂದ ನೇರವಾಗಿ ತಂದು ಹಾಕಿ ಎಂದರು. ಅಕ್ಕ ಕಾದಳು, ಕಡಿಮೆಯಾಯಿತು. ನಾಲ್ಕನೆಯ ಸಲ ಕಿವಿ ಸೋರಿದಾಗ ಮಾತ್ರ ಅದೇ ಡಾಕ್ಟರು ತಡ ಮಾಡದೆ ಆಂಟಿಬಯಾಟಿಕ್ ಬರೆದರು, ಕಿವಿಯ ತಜ್ಞರ ಹತ್ತಿರ ಕಳಿಸಿದರು. ಆರು ತಿಂಗಳೊಳಗಿನ ಕೂಸು, ಕಿವಿ ಸೋರುವ ಮಗು, ತೀವ್ರ ಜ್ವರ ಇರುವ ಮಗು ಕಾಯುವಂತಿಲ್ಲ. ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ಬಾಗಿದರೆ ಆ ಕ್ಷಣವೇ ದವಾಖಾನೆಗೆ ಹೋಗಬೇಕು.

ಮರುಕಳಿಸದಿರಲೆಂದು ತಿಂಗಳುಗಟ್ಟಲೆ ದಿನವೂ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಕೊಡುವ ಪದ್ಧತಿ ಹಿಂದೆ ಇತ್ತು. ಈಗ ಹೆಚ್ಚಿನ ವೈದ್ಯರು ಅದನ್ನು ಒಪ್ಪುವುದಿಲ್ಲ. ಕಾರಣ, ಸಾಯದೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯದ ಸಂತತಿಯನ್ನು ಬೆಳೆಸುತ್ತವೆ. ನಾವು ಓದುವ ನೈಸರ್ಗಿಕ ಆಯ್ಕೆ ಒಂದು ಮಗುವಿನ ಕಿವಿಯೊಳಗೂ ನಡೆಯುತ್ತದೆ. ಜ್ವರ ಬಿಟ್ಟ ಕೂಡಲೇ ಔಷಧ ನಿಲ್ಲಿಸುವುದು, ಉಳಿದ ಬಾಟಲಿಯನ್ನು ಮುಂದಿನ ಸಲಕ್ಕೆ ಇಡುವುದು, ಅಣ್ಣನ ಔಷಧವನ್ನು ತಂಗಿಗೆ ಕುಡಿಸುವುದು, ಬರೀ ನೆಗಡಿಗೂ ಆಂಟಿಬಯಾಟಿಕ್ ಕೇಳುವುದು, ಇವೆಲ್ಲ ನಮ್ಮ ಸುತ್ತ ದಿನವೂ ಕಾಣುತ್ತವೆ. ನೆಗಡಿ ತರುವುದು ವೈರಸ್. ಅದಕ್ಕೆ ಆಂಟಿಬಯಾಟಿಕ್ ತಾಗುವುದಿಲ್ಲ. ನೀರು ಬೆರೆಸಿದ ಔಷಧ ಕೆಲವೇ ದಿನ ಚೆನ್ನಾಗಿರುತ್ತದೆ. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿಯಿಲ್ಲದೆ ಇದನ್ನು ತೆಗೆದುಕೊಳ್ಳಬಾರದು ಎಂದು. ಓದು ಬಾರದ ಹಿರಿಯರಿಗೂ ಆ ಗೆರೆ ಕಾಣುತ್ತದೆ. ಅದರ ಅರ್ಥ ಹೇಳುವ ಕೆಲಸ ನಮ್ಮದು.

ಸೋಂಕು ಬಾರದಂತೆ ಮಾಡುವ ದಾರಿಗಳೂ ಇವೆ. ನ್ಯುಮೊಕಾಕಸ್ ವಿರುದ್ಧದ ಪಿ.ಸಿ.ವಿ. ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಲಸಿಕೆಗಳಲ್ಲಿ ಸೇರಿದೆ. ಕೂಸಿಗೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಾದಾಗ ಉಚಿತವಾಗಿ ಹಾಕುತ್ತಾರೆ. ತಾಯಿಯ ಹಾಲು ಕುಡಿಸುವುದು, ಮಲಗಿಸಿ ಬಾಟಲಿ ಹಾಲು ಕೊಡದಿರುವುದು, ಒಲೆಯ ಮತ್ತು ಬೀಡಿಯ ಹೊಗೆಯಿಂದ ಕೂಸನ್ನು ದೂರ ಇಡುವುದು, ಸೋರುವ ಕಿವಿಗೆ ಎಣ್ಣೆ ಹಾಕದಿರುವುದು, ಇವು ದುಡ್ಡು ಕೇಳದ ಕೆಲಸಗಳು. ಇಷ್ಟಾದರೂ ನಿಲ್ಲದಿದ್ದರೆ ತಜ್ಞರು ಕಿವಿತಮಟೆಯಲ್ಲಿ ಸಣ್ಣ ನಳಿಗೆ ಇಟ್ಟು ನೀರು ಹೊರಬರುವಂತೆ ಮಾಡುತ್ತಾರೆ.

ನಮ್ಮ ಹುಡುಗನ ಕಿವಿಯೊಳಗೆ ಇನ್ನೂ ಸ್ವಲ್ಪ ನೀರು ನಿಂತಿದೆ. ಮೂರು ತಿಂಗಳ ನಂತರ ಕೇಳುವ ಶಕ್ತಿಯನ್ನು ಮತ್ತೆ ಪರೀಕ್ಷಿಸುತ್ತಾರೆ. ಮಾತು ಕಲಿಯುವ ವಯಸ್ಸು ಅವನದು. ಸರಿಯಾಗಿ ಕೇಳದ ಮಗು ಸರಿಯಾಗಿ ಮಾತು ಕಲಿಯುವುದಿಲ್ಲ. ಮುಂದೆ ಶಾಲೆಯಲ್ಲಿ ಅಂಥ ಮಗುವಿಗೆ ದಡ್ಡ ಎಂಬ ಹೆಸರು ಬರುತ್ತದೆ. ನಿಮ್ಮ ಓಣಿಯಲ್ಲಿ ಕರೆದರೆ ತಿರುಗಿ ನೋಡದ, ಟಿ.ವಿ.ಯ ಹತ್ತಿರವೇ ಕೂಡುವ ಮಗು ಇದ್ದರೆ ಅದರ ಕಿವಿಯನ್ನು ಒಮ್ಮೆ ತೋರಿಸಲು ಮನೆಯವರಿಗೆ ಹೇಳಿ.

ಸುಬ್ಬರಾವ್ ಅವರ ಕೂಸಿಗೆ ಔಷಧವೇ ಇರಲಿಲ್ಲ. ಇಂದಿನ ಮಕ್ಕಳಿಗೆ ಇದೆ. ಅದನ್ನು ಬೇಕಾದಾಗ, ಬೇಕಾದಷ್ಟೇ, ಹೇಳಿದಷ್ಟು ದಿನ ಬಳಸಿದರೆ ನಾಳೆ ಹುಟ್ಟುವ ಮಕ್ಕಳಿಗೂ ಉಳಿಯುತ್ತದೆ. ಆ ವಿಜ್ಞಾನಿಗೆ ನಾವು ತೋರಿಸಬಹುದಾದ ಗೌರವ ಇದು. ಇದಕ್ಕೆ ಹಾರ, ತುರಾಯಿ ಏನೂ ಬೇಕಿಲ್ಲ.